ನಾವೂ ಆಡಿದ್ವಲ್ಲ, ಏನಾಯ್ತು?

“ಕಾಲು ಸ್ವಲ್ಪ ಚಾಚಿದೆ ಅಷ್ಟೇ ಅಮ್ಮಾ, ಒದೀಲಿಲ್ಲ!”

ಒಂದು ಸಂಜೆ ಟ್ಯೂಷನ್ನಿನಿಂದ ಬಂದ ಮಗ ಬಾಗಿಲಲ್ಲೇ ಹೀಗೆ ಶುರು ಮಾಡಿದ. ಹಿಂದೆ ನಿಂತಿದ್ದ ಇವರ ಮುಖ ಕೆಂಪಾಗಿತ್ತು. ಸಿಗ್ನಲ್ ಬಿಟ್ಟು ಸ್ಕೂಟರ್ ಹೊರಟಾಗ, ಹಿಂದಿನ ಸೀಟಿನಲ್ಲಿದ್ದ ನಮ್ಮ ಹನ್ನೊಂದು ವರ್ಷದ ಕುಮಾರ ಕಂಠೀರವ ಪಕ್ಕದ ಬೈಕಿನ ಕಡೆ ಕಾಲು ಬೀಸಿದ್ದನಂತೆ. ಆ ಬೈಕಿನ ಹುಡುಗ ಬೆದರಿ, ಓಲಾಡಿ, ಹೇಗೋ ಸಾವರಿಸಿಕೊಂಡನಂತೆ. ಆಮೇಲೆ ಗಾಡಿ ಅಡ್ಡ ಹಾಕಿ ಇವರಿಗೆ ಸಹಸ್ರನಾಮಾರ್ಚನೆಯನ್ನೂ ಮಾಡಿ ಹೋದನಂತೆ. ಹಿಂದೆ ಬಸ್ಸು ಬರ್ತಿತ್ತು ಅಂತ ಇವರು ಹೇಳಿದಾಗ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

“ಯಾಕೋ ಹಾಗ್ಮಾಡಿದೆ?” ಅಂದರೆ, “ಗೇಮಲ್ಲಿ ಹಾಗೇ ಮಾಡೋದು” ಅಂತ ತಲೆ ತಗ್ಗಿಸಿದ.

ನಿಜ ಹೇಳಬೇಕೆಂದರೆ ಆ ಗೇಮಿಗೆ ಒಪ್ಪಿಗೆ ಕೊಟ್ಟವಳು ನಾನೇ. ಮೇಲಿನ ಮನೆಯ ಗೆಳೆಯನ ಕಂಪ್ಯೂಟರಿನಲ್ಲಿ ‘ರೋಡ್ ರಿಡೆಂಪ್ಶನ್’ ಅಂತ ಬೈಕ್ ಗೇಮ್ ಇದೆ, ಆಡಲಾ ಅಂತ ಕೇಳಿದ್ದ. “ನೀನೂ ಮಾಮನೂ ಆಡ್ತಿದ್ರಲ್ಲಮ್ಮಾ ರೋಡ್ ರಾಶ್, ಅದರದ್ದೇ ಹೊಸದು” ಅಂದಾಗ ನನಗೆ ಖುಷಿಯೇ ಆಗಿತ್ತು. ಇವರು ಹುಬ್ಬು ಗಂಟಿಕ್ಕಿದಾಗಲೂ, “ನಾವೂ ಆಡಿದ್ವಲ್ಲ ರೀ, ನಮಗೇನಾಯ್ತು?” ಅಂದುಬಿಟ್ಟಿದ್ದೆ.

ನನ್ನ ವಯಸ್ಸಿನವರಿಗೆ ರೋಡ್ ರಾಶ್ ಪರಿಚಯ ಬೇಕಿಲ್ಲ. ಬೇಸಿಗೆ ರಜೆಗೆ ಮೈಸೂರಿನ ದೊಡ್ಡಪ್ಪನ ಮನೆಗೆ ಹೋದರೆ ನಮಗೆ ಮಾವಿನಹಣ್ಣೂ ಬೇಡ, ಮೃಗಾಲಯವೂ ಬೇಡ. ಅಣ್ಣನ ಕಂಪ್ಯೂಟರಿನ ಮುಂದೆ ನಾಲ್ಕು ಮಕ್ಕಳು, ಒಂದೇ ಕುರ್ಚಿ! ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಈ ಆಟವನ್ನು ಮೊದಲು ತಂದದ್ದು 1991ರಲ್ಲಿ, ಸೆಗಾ ಕಂಪನಿಯ ಗೇಮ್ ಯಂತ್ರಕ್ಕೆ. ನಮ್ಮೂರುಗಳ ಕಂಪ್ಯೂಟರುಗಳಲ್ಲಿ, ಸೈಬರ್ ಕೆಫೆಗಳಲ್ಲಿ ಓಡಿದ್ದು 1996ರ ವಿಂಡೋಸ್ ಆವೃತ್ತಿ. ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಬೈಕ್ ರೇಸು. ಪಕ್ಕದವನನ್ನು ಗುದ್ದಬಹುದು, ಒದೆಯಬಹುದು, ಅವನ ಕೈಯ ದೊಣ್ಣೆ ಕಿತ್ತುಕೊಂಡು ಅವನಿಗೇ ಬಾರಿಸಬಹುದು. ಪೊಲೀಸ್ ಹಿಡಿದರೆ ದಂಡ. ಬಿದ್ದರೆ ಸವಾರ ಎದ್ದು, ಮೈ ಕೊಡವಿ, ದೂರ ಬಿದ್ದ ಬೈಕಿನ ಕಡೆ ಓಡ್ತಿದ್ದ. ಆ ಓಟ ನೋಡಿಯೇ ನಾವು ಬಿದ್ದು ಬಿದ್ದು ನಗ್ತಿದ್ವಿ.

2000ದ ದಶಕದ ಆರಂಭದ ನಂತರ ಆ ಕಂಪನಿಯಿಂದ ಹೊಸ ರೋಡ್ ರಾಶ್ ಬರಲಿಲ್ಲ. ಹಳೆಯ ಅಭಿಮಾನಿಗಳಿಗೆ ಆಸೆ ಬಿಡಲಿಲ್ಲ. 2013ರಲ್ಲಿ ಸಣ್ಣ ತಂಡವೊಂದು ಕಿಕ್‌ಸ್ಟಾರ್ಟರ್ ಮೂಲಕ ಅಂಥ ಅಭಿಮಾನಿಗಳಿಂದಲೇ ಹಣ ಸೇರಿಸಿ, ಅದೇ ಜಾಡಿನಲ್ಲಿ ಬೇರೆ ಹೆಸರಿನ ಆಟ ಕಟ್ಟಿತು. 2017ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ಆ ಆಟವೇ ರೋಡ್ ರಿಡೆಂಪ್ಶನ್.

ಸ್ಕೂಟರ್ ಪ್ರಕರಣದ ಮರುದಿನ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಮೇಲಿನ ಮನೆಗೆ ಹೋಗಿ, ಅವರ ಅಮ್ಮನ ಜೊತೆ ಕೂತು ಈ ಆಟವನ್ನು ನಾನೇ ಆಡಿದೆ. ಮೊದಲ ಹತ್ತು ನಿಮಿಷ ಮಜವೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಗೊತ್ತಾಯ್ತು, ಇದು ನಾವು ಆಡಿದ ಆಟ ಅಲ್ಲ. ಅಲ್ಲಿ ಗೆಲ್ಲೋದು ಅಂದ್ರೆ ಮುಂದೆ ಹೋಗೋದು. ಇಲ್ಲಿ ಎಷ್ಟೋ ಸುತ್ತುಗಳಲ್ಲಿ ಗುರಿಯೇ ಇಷ್ಟು ಜನರನ್ನು ಮುಗಿಸು ಅಂತ. ಮುಗಿಸಿದರೆ ಹಣ, ಹಣದಿಂದ ಇನ್ನೂ ಹೆಚ್ಚಿನ ಶಕ್ತಿ. ದೊಣ್ಣೆ, ಪೈಪಿನ ಜೊತೆಗೆ ಕತ್ತಿ, ಬಂದೂಕು, ಸಿಡಿಮದ್ದು. ಕತ್ತಿ ಬೀಸಿದರೆ ತಲೆ ಹಾರುತ್ತದೆ. ಬಿದ್ದವನು ಎದ್ದು ಮೈ ಕೊಡವಿ ಓಡಿ ಬರುವುದಿಲ್ಲ. ನಾವು ನಗ್ತಿದ್ದ ಆ ಓಟವೇ ಇಲ್ಲ! ಪಕ್ಕದಲ್ಲಿದ್ದ ಅವರಮ್ಮ ಕಾಫಿ ಲೋಟ ಕೆಳಗಿಟ್ಟು, “ನಾನು ರೇಸ್ ಗೇಮ್ ಅಂದ್ಕೊಂಡಿದ್ದೆ ಕಣ್ರೀ” ಅಂದರು. ನಾನೂ ಹಾಗೇ ಅಂದುಕೊಂಡಿದ್ದೆನಲ್ಲ!

ಹಾಗಂತ ಆಟ ಮಾಡಿದವರನ್ನು ಬೈದು ಪ್ರಯೋಜನವಿಲ್ಲ. ಅವರು ಮಾಡಿದ್ದು ರೋಡ್ ರಾಶ್ ಆಡಿ ದೊಡ್ಡವರಾದವರಿಗೆ. ಹನ್ನೊಂದರ ಹುಡುಗನ ಕೈಗೆ ಅದನ್ನು ಹೋಗಲು ಬಿಟ್ಟವರು ನಾವು.

ಈ ಬಗೆಯ ಆಟಗಳ ಬಗ್ಗೆ ಚರ್ಚೆಯೇನೂ ಹೊಸದಲ್ಲ. ಕಾರಿನಿಂದ ದಾರಿಹೋಕರಿಗೆ ಗುದ್ದಿದರೆ ಅಂಕ ಕೊಡುವ ‘ಕಾರ್ಮಗೆಡ್ಡಾನ್’ 1997ರಲ್ಲಿ ಬಂದಾಗ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ಕೊಡಲಿಲ್ಲ. ಮನುಷ್ಯರ ಜಾಗದಲ್ಲಿ ಹಸಿರು ರಕ್ತದ ಪ್ರೇತಗಳನ್ನು ಹಾಕಿ ಅಲ್ಲಿ ಮಾರಬೇಕಾಯಿತು. ಜರ್ಮನಿಯಲ್ಲಿ ರೋಬೋಗಳು ಬಂದವು. ಆಮೇಲೆ ಮೇಲ್ಮನವಿ ಸಲ್ಲಿಸಿ ಬ್ರಿಟನ್ನಿನಲ್ಲಿ ಮೂಲರೂಪಕ್ಕೆ ಒಪ್ಪಿಗೆ ಪಡೆದರು. 2015ರಲ್ಲಿ ಅದಕ್ಕೂ ಹೊಸ ಅವತಾರ ಬಂತು. ಮಗು “ಕಾರ್ ಗೇಮ್” ಅಂದಾಕ್ಷಣ ಅದು ಬರೀ ಕಾರ್ ಓಡಿಸುವ ಆಟವೇ ಆಗಿರಬೇಕಿಲ್ಲ ಅನ್ನೋದಕ್ಕೆ ಈ ಮಾತು ಹೇಳಿದೆ.

ಅಂದು ರಾತ್ರಿ ತಮ್ಮನಿಗೆ ಫೋನ್ ಮಾಡಿ, “ನಮ್ಮ ಕಾಲದ್ದು ಎಷ್ಟು ಚೆನ್ನಾಗಿತ್ತಲ್ವಾ, ನಮಗೇನೂ ಆಗ್ಲಿಲ್ಲ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

“ಅಕ್ಕಾ, ನನ್ನ ಗಲ್ಲದ ಮೇಲಿನ ಗುರುತು ಮರೆತೇಬಿಟ್ಯಾ?”

ಎದೆ ಧಸಕ್ಕೆಂದಿತು. ಅದೇ ರಜೆಯಲ್ಲಿ, ದೊಡ್ಡಪ್ಪನ ಮನೆಯ ಇಳಿಜಾರಿನಲ್ಲಿ ಇಬ್ಬರೂ ಸೈಕಲ್ ಬಿಡುವಾಗ “ರೋಡ್ ರಾಶ್!” ಅಂತ ಕೂಗಿ ಅವನ ಸೈಕಲ್ಲಿಗೆ ಒದ್ದಿದ್ದೆ. ಮೂರು ಹೊಲಿಗೆ. ಕಾಲು ಜಾರಿತು ಅಂತ ಅಮ್ಮನ ಹತ್ತಿರ ಸುಳ್ಳು ಹೇಳಿದ್ದೂ ನಾನೇ. ಅವನು ಇವತ್ತಿನವರೆಗೂ ಯಾರಿಗೂ ಬಾಯಿ ಬಿಟ್ಟಿಲ್ಲ. ‘ನಮಗೇನಾಯ್ತು’ ಅಂತ ಹೇಳಿದ ನನಗೆ ಏನೂ ಆಗಿರಲಿಲ್ಲ, ನಿಜ. ಆಗಿದ್ದು ಅವನಿಗೆ!

ಹಾಗಾದರೆ ಆಟ ಆಡಿದ ಮಕ್ಕಳೆಲ್ಲ ಪುಂಡರಾಗುತ್ತಾರೆಯೇ? ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2015ರಲ್ಲೂ 2020ರಲ್ಲೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಹಿಂಸೆಯ ಆಟಗಳಿಗೂ ಕೂಗಾಟ, ತಳ್ಳಾಟದಂಥ ಒರಟುತನಕ್ಕೂ ಸ್ವಲ್ಪ ನಂಟು ಕಾಣುತ್ತದೆ, ಆದರೆ ಅಪರಾಧಗಳಿಗೆ ಇವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ. ನನ್ನ ಮಗನೂ ಕೆಟ್ಟವನಲ್ಲ, ಅಂದು ನಾನೂ ಕೆಟ್ಟವಳಾಗಿರಲಿಲ್ಲ. ತಮಾಷೆಗೆ ಚಾಚಿದ ಒಂದು ಕಾಲು ಅಷ್ಟೇ. ಆದರೆ ರಸ್ತೆಗೆ ತಮಾಷೆ ಗೊತ್ತಾಗುವುದಿಲ್ಲ.

ನಾನು ಮಗನಿಗೆ ಮಾಡಿದ ಅರ್ಧ ಗಂಟೆಯ ಉಪದೇಶ ನೀರಿನಲ್ಲಿ ಹೋಮವಾಯ್ತು. ಎರಡು ದಿನ ಮಾತು ಬಿಟ್ಟ. ಮೂರನೇ ದಿನ ವೀಡಿಯೊ ಕಾಲಿನಲ್ಲಿ ಮಾಮ ಗಲ್ಲ ತೋರಿಸಿ, “ನಿಮ್ಮಮ್ಮನ ಗಿಫ್ಟ್ ಕಣೋ” ಅಂತ ಕತೆ ಹೇಳಿದ. ಮಗ ನನ್ನ ಮುಖ ನೋಡಿದ. “ಹೌದು ಕಣೋ, ನಾನೇ ಒದ್ದೆ. ಸುಳ್ಳೂ ಹೇಳಿದೆ” ಅಂದೆ. ಆಮೇಲೆ ಅವನೇ ಕೇಳಿದ: “ಬಸ್ಸು ಹತ್ತಿರ ಇತ್ತಾ ಅಪ್ಪಾ?” ಅಲ್ಲಿಂದ ಮಾತು ಶುರುವಾಯ್ತು. ಈಗ ಮನೆಯಲ್ಲಿ ಆಯುಧವಿಲ್ಲದ ರೇಸ್ ಗೇಮ್ ಬಂದಿದೆ. ಭಾನುವಾರ ನಾನೂ ಜೊತೆಗೆ ಆಡ್ತೇನೆ, ಪ್ರತಿ ಸಲ ಸೋಲ್ತೇನೆ!

ಅಮ್ಮಂದಿರಿಗೆ ಒಂದಿಷ್ಟು ಕಿವಿಮಾತು:

• ಗೇಮಿನ ಹೆಸರು ಪರಿಚಯದ್ದು ಅಂತ ಕಣ್ಮುಚ್ಚಿ ಒಪ್ಪಬೇಡಿ. ಹಳೆಯ ಆಟಕ್ಕೂ ಹೊಸ ಅವತಾರಕ್ಕೂ ಅಜಗಜಾಂತರ ಇರಬಹುದು.

• ವಯಸ್ಸಿನ ಗುರುತು ನೋಡಿ. ಯುರೋಪಿನ ಗುರುತಿನಲ್ಲಿ 3, 7, 12, 16, 18 ಅಂತ ಸಂಖ್ಯೆ ಇರುತ್ತದೆ. ಅಮೆರಿಕದ್ದರಲ್ಲಿ ‘ಟಿ’ ಎಂದರೆ 13 ದಾಟಿದವರಿಗೆ, ‘ಎಂ’ ಎಂದರೆ 17 ದಾಟಿದವರಿಗೆ. ಮೊಬೈಲಿನ ಪ್ಲೇ ಸ್ಟೋರಿನಲ್ಲೂ ಇಂಥ ಸಂಖ್ಯೆ ಇರುತ್ತದೆ.

• ಅರ್ಧ ಗಂಟೆ ನೀವೇ ಆಡಿ. ಬಾರದಿದ್ದರೆ ಯಾರಾದರೂ ಆಡುವ ವೀಡಿಯೊ ನೋಡಿ. ‘ಇಲ್ಲಿ ಅಂಕ ಬರೋದು ಯಾವುದಕ್ಕೆ?’ ಅಂತ ಕೇಳಿಕೊಳ್ಳಿ. ಆಟದ ಸ್ವಭಾವ ಅಲ್ಲೇ ಗೊತ್ತಾಗುತ್ತದೆ.

• ಗೆಳೆಯನ ಮನೆಯಲ್ಲಿ ಆಡುತ್ತಿದ್ದರೆ ಅವನ ಅಮ್ಮನ ಮೇಲೆ ದೂರು ಹೊರಿಸಬೇಡಿ. “ಬನ್ನಿ, ಒಟ್ಟಿಗೆ ನೋಡೋಣ” ಅನ್ನಿ.

• ಗಾಡಿಯಲ್ಲಿ ಹಿಂದೆ ಕೂರುವ ಮಗುವಿಗೂ ಹೆಲ್ಮೆಟ್ ಇರಲಿ. ನಾಲ್ಕು ವರ್ಷ ದಾಟಿದವರಿಗೆಲ್ಲ ಕಾನೂನಿನಲ್ಲೇ ಇದು ಕಡ್ಡಾಯ.

• ಊಟ, ನಿದ್ದೆ, ಓದು ಬಿಟ್ಟು ಆಟಕ್ಕೇ ಅಂಟಿಕೊಂಡಿದ್ದರೆ ತಡ ಮಾಡದೆ ತಜ್ಞರ ಸಲಹೆ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭಿಸಿತು.

ಕೊನೆಯದಾಗಿ ಒಂದು ಮಾತು. “ನಾವೂ ಆಡಿದ್ವಲ್ಲ, ಏನಾಯ್ತು?” ಅನ್ನುವ ಮೊದಲು ತಮ್ಮನಿಗೋ ತಂಗಿಗೋ ಒಂದು ಫೋನ್ ಮಾಡಿ. ನಾವು ಮರೆತದ್ದು ಅವರಿಗೆ ನೆನಪಿರುತ್ತದೆ.