ನಿಮಗಿದು ಗೊತ್ತೆ? ಗಣಿಗೆ ಬೆಳಕು, ಜಗತ್ತಿಗೆ ಭವಿಷ್ಯವಾಣಿ

ಮಾರಿಕುಪ್ಪಂ ಸೇರಿದಂತೆ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತರುವ ಯೋಜನೆ ಕೈಗೊಂಡ ದಿವಾನರೂ, ಹಿಂದೂ ಧರ್ಮದ ಚಿಂತನೆ ಜಗತ್ತನ್ನೇ ಗೆಲ್ಲುತ್ತದೆ ಎಂದು ಸಾರಿದ ಸಂನ್ಯಾಸಿಗೆ ಆತಿಥ್ಯ ನೀಡಿದವರೂ ಒಬ್ಬರೇ!

ಅವರು ಸರ್ ಕೆ. ಶೇಷಾದ್ರಿ ಅಯ್ಯರ್. 1892ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಆ ಸಂನ್ಯಾಸಿ, ವಿವೇಕಾನಂದರು, ಅವರ ಅತಿಥಿಯಾಗಿದ್ದರು. ವಿವೇಕಾನಂದರನ್ನು ಪ್ರಸಿದ್ಧಗೊಳಿಸಿದ ಷಿಕಾಗೊ ಭಾಷಣ ಇನ್ನೂ ಮುಂದಿತ್ತು, ಹೊರಗಿನವರಿಗೆ ಅವರ ಹೆಸರೇ ತಿಳಿದಿರಲಿಲ್ಲ. ದಿವಾನರೇ ಅವರನ್ನು ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಪರಿಚಯಿಸಿದರು. ಮಹಾರಾಜರು ಸ್ವಾಮೀಜಿಯ ದನಿಯನ್ನು ಫೋನೋಗ್ರಾಫ್‌ನಲ್ಲಿ ಮುದ್ರಿಸಿಕೊಂಡರು. ಆ ದನಿ ಇಂದು ನಮಗೆ ಉಳಿದಿಲ್ಲ, ಎಂಥ ನಷ್ಟ!

ಅಮೆರಿಕದಿಂದ ಮರಳಿದ ಮೇಲೆ, 1897ರಲ್ಲಿ ಮದರಾಸಿನಲ್ಲಿ, ಭಾರತ ತನ್ನ ಅಧ್ಯಾತ್ಮದಿಂದ ಜಗತ್ತನ್ನು ಗೆಲ್ಲಬೇಕೆಂದು ವಿವೇಕಾನಂದರು ಕರೆಕೊಟ್ಟರು. ಈ ಗೆಲುವಿಗೆ ಸೈನ್ಯ ಬೇಡ, ವಿಚಾರವೇ ಸಾಕು ಎಂಬುದು ಅವರ ನಂಬಿಕೆ.

ಇತ್ತ ದಿವಾನರ ಯೋಜನೆಯೂ ಕೈಗೂಡಿತು: ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದ ವಿದ್ಯುತ್ 1902ರ ಜೂನ್ ಕೊನೆಯಲ್ಲಿ ಗಣಿ ಮುಟ್ಟಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು. ಗಣಿಗೆ ವಿದ್ಯುತ್ ಬಂದ ಕೆಲವೇ ದಿನಗಳಲ್ಲಿ, ಜುಲೈ 4ರಂದು, ಬೇಲೂರು ಮಠದಲ್ಲಿ ವಿವೇಕಾನಂದರು ದೇಹ ತ್ಯಜಿಸಿದರು.