ಚಿಂತೆಗೂ ಕೂದಲು ನೆರೆಯುತ್ತಾ?

ತಲೆ ಬಾಚುವಾಗ ಬೈತಲೆ ಪಕ್ಕ ಒಂದು ಬಿಳಿಕೂದಲು ಇಣುಕಿದರೆ ಸಾಕು, ಎದೆ ಧಸಕ್ ಅನ್ನುತ್ತೆ ಅಲ್ವಾ? ‘ಯೋಚನೆ ಮಾಡಿ ಮಾಡಿ ತಲೆ ನೆರೀತು’ ಅಂತ ಮನೆಯ ಹಿರಿಯರು ಹೇಳೋದನ್ನು ನೀವೂ ಕೇಳಿರುತ್ತೀರಿ. ಈ ಅನುಭವ ಬಹಳ ಹಳೆಯದು. ಇಸ್ಲಾಂ ಧರ್ಮಗ್ರಂಥಗಳಲ್ಲೂ ಇದರ ಪ್ರಸ್ತಾಪವಿದೆ.

ಕುರಾನ್‌ನ 73ನೇ ಅಧ್ಯಾಯದ 17ನೇ ವಚನ, ಅಂತಿಮ ದಿನದ ಭೀತಿಗೆ ಮಕ್ಕಳ ತಲೆಯೂ ನೆರೆಯುತ್ತದೆ ಎಂದು ವರ್ಣಿಸುತ್ತದೆ. ‘ಹೂದ್’ ಮತ್ತು ಅಂಥ ಕೆಲವು ಅಧ್ಯಾಯಗಳಿಂದ ತಮ್ಮ ಕೂದಲು ನೆರೆಯಿತೆಂದು ಪ್ರವಾದಿ ಮುಹಮ್ಮದರು ಅಬೂಬಕರ್ ಅವರಿಗೆ ಹೇಳಿದ್ದಾಗಿ ತಿರ್ಮಿದಿ ಹದೀಸ್ ಸಂಗ್ರಹದಲ್ಲಿದೆ. 19ನೇ ಅಧ್ಯಾಯದಲ್ಲಿ ಬರುವ ಝಕರಿಯ್ಯಾ ಅವರ ನರೆಗೆ ಮಾತ್ರ ವೃದ್ಧಾಪ್ಯವೇ ಕಾರಣ. ಇವುಗಳನ್ನು ಪ್ರಯೋಗಾಲಯದ ವರದಿಯಂತೆ ಓದಬೇಕಿಲ್ಲ. ಭಯ, ಹೊಣೆಯ ಭಾರ ಮೈಮೇಲೂ ಕಾಣುತ್ತೆ ಅನ್ನುವ ಅರಿವು ಆಗಲೇ ಇತ್ತು, ಅಷ್ಟೆ.

ವಿಜ್ಞಾನ ಏನನ್ನುತ್ತೆ? 2020ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಇಲಿಗಳಲ್ಲಿ ಇದರ ದಾರಿ ಕಂಡುಹಿಡಿದರು. ತೀವ್ರ ಒತ್ತಡವಾದಾಗ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಕೂದಲ ಬುಡದಲ್ಲಿ ಬಣ್ಣಕ್ಕೆಂದು ಕೂಡಿಟ್ಟ ಕಾಂಡಕೋಶಗಳು ಆಗ ಒಮ್ಮೆಲೇ ಖರ್ಚಾಗಿಬಿಡುತ್ತವೆ. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನರ ಕೂದಲು ಪರೀಕ್ಷಿಸಿದರು. ಒಬ್ಬರು ರಜೆಯಲ್ಲಿ ನಿರಾಳವಾಗಿದ್ದಾಗ ಅವರ ಐದು ಕೂದಲಿಗೆ ಮತ್ತೆ ಬಣ್ಣ ಬಂದಿತ್ತು! ಹಾಗಂತ ಇಡೀ ತಲೆ ಕಪ್ಪಾಗುತ್ತೆ ಅಂದುಕೊಳ್ಳಬೇಡಿ. ನೆರೆಯಲು ಮುಖ್ಯ ಕಾರಣ ವಯಸ್ಸು ಮತ್ತು ವಂಶ. ಒಂದೇ ರಾತ್ರಿಯಲ್ಲಿ ತಲೆ ಬೆಳ್ಳಗಾಗುವುದೂ ಕಟ್ಟುಕತೆಯೇ. ಹೊರಗೆ ಬಂದ ಕೂದಲಿಗೆ ಜೀವವಿಲ್ಲ, ಅದರ ಬಣ್ಣ ತಾನಾಗಿ ಬದಲಾಗದು.

ನೀವೇನು ಮಾಡಬಹುದು?

* ಬಿಳಿಕೂದಲು ಕೀಳಬೇಡಿ. ಒಂದು ಕಿತ್ತರೆ ಹತ್ತು ಬರುತ್ತೆ ಅನ್ನೋದು ಸುಳ್ಳು, ಆದರೆ ಬುಡಕ್ಕೆ ಪೆಟ್ಟಾಗುತ್ತೆ. ಕೀಳಬಾರದೆಂದು ಹದೀಸ್‌ನಲ್ಲೂ ಇದೆ.

* 25ರೊಳಗೇ ನೆರೆಯುತ್ತಿದ್ದರೆ ವೈದ್ಯರನ್ನು ಕಂಡು ಬಿ12, ಥೈರಾಯ್ಡ್, ಕಬ್ಬಿಣಾಂಶ ಪರೀಕ್ಷಿಸಿಕೊಳ್ಳಿ. ಬರೀ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಹೆಚ್ಚು. ಹಾಲು, ಮೊಸರು ತಪ್ಪಿಸಬೇಡಿ.

* ಶುದ್ಧ ಮೆಹಂದಿ ಹಚ್ಚಿದರೆ ಕೆಂಪು ಛಾಯೆ ಬರುತ್ತೆ. ‘ಕಪ್ಪು ಮೆಹಂದಿ’ಯಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರಬಹುದು, ಅಲರ್ಜಿಯಾದೀತು. ಪೊಟ್ಟಣದ ಮೇಲಿನ ವಿವರ ಓದಿ, ಮೊದಲು ಕೈಮೇಲೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ.

* ಬಣ್ಣದಿಂದ ನರೆ ಮುಚ್ಚಬಹುದು, ಒತ್ತಡ ಮುಚ್ಚಲಾಗದು. ಮಕ್ಕಳ ಪರೀಕ್ಷೆ, ಅತ್ತೆ-ಮಾವನ ಔಷಧಿ, ತಿಂಗಳ ಖರ್ಚು ಎಲ್ಲವನ್ನೂ ಒಬ್ಬರೇ ತಲೆಮೇಲೆ ಹೊತ್ತುಕೊಳ್ಳಬೇಡಿ. ಒಂದೆರಡು ಕೆಲಸವನ್ನಾದರೂ ಯಜಮಾನರಿಗೆ, ಮಕ್ಕಳಿಗೆ ವಹಿಸಿ. ವಾರಗಟ್ಟಲೆ ನಿದ್ದೆ ಬಾರದೆ, ಮನಸ್ಸು ಕುಗ್ಗಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಕೂದಲು ಕಪ್ಪಾಗುತ್ತೋ ಬಿಡುತ್ತೋ, ರಾತ್ರಿ ಕಣ್ತುಂಬ ನಿದ್ದೆಯಂತೂ ಬಂದೀತು.