ಹೊರೆ ಹಂಚುವುದೂ ಹೊರೆ ಇಳಿಸುವುದೂ ಒಂದೇ ಅಲ್ಲ

ಮುಂಗಾರಿನ ಹಂಗಾಮಿನಲ್ಲಿ ಆಳಂದ ತಾಲ್ಲೂಕಿನ ಜಿಡಗಾದಂಥ ಊರಿನ ರೈತನಿಗೆ ಬೀಜದಷ್ಟೇ ಪಹಣಿಯೂ ಅಗತ್ಯ. ಬೆಳೆಸಾಲಕ್ಕೂ ಬೆಳೆವಿಮೆಗೂ ಅದು ಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಈ ಶತಮಾನದ ಆರಂಭದಲ್ಲಿ ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ, ರೈತನನ್ನು ಕೈಬರಹದ ದಾಖಲೆಯ ಹಂಗಿನಿಂದ ಬಿಡಿಸಿತು. ಆದರೆ ಕಚೇರಿಗಳು ಕಂಪ್ಯೂಟರಿಗೆ ಒಗ್ಗಿಕೊಂಡಂತೆ ‘ಸರ್ವರ್ ಬ್ಯುಸಿ’ ಎಂಬ ಹೊಸ ನೆಪವೂ ಹುಟ್ಟಿಕೊಂಡಿತು. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಆರಂಭವಾದಾಗ ರಾಜ್ಯದ ಹಲವೆಡೆ ಜನ ಕೇಳಿದ್ದು ಇದೇ ಉತ್ತರವನ್ನು. ದಿನಗೂಲಿಯನ್ನು ಬಿಟ್ಟು ಬಂದವರ ಪಾಲಿಗೆ ಅದು ಬರಿಯ ಮಾತಲ್ಲ, ಕಳೆದುಹೋದ ಒಂದು ದಿನದ ಗಳಿಕೆ.

ಇದಕ್ಕೆ ತಂತ್ರಜ್ಞಾನದಲ್ಲಿ ಮದ್ದು ಇಲ್ಲದಿಲ್ಲ. ಇಂದಿನ ದತ್ತಾಂಶ ಕೇಂದ್ರಗಳಲ್ಲಿ ಒಂದೇ ಭೌತಿಕ ಯಂತ್ರದೊಳಗೆ ತಂತ್ರಾಂಶದ ನೆರವಿನಿಂದ ಹಲವು ‘ವರ್ಚುವಲ್ ಯಂತ್ರ’ಗಳನ್ನು ನಡೆಸುತ್ತಾರೆ. ಇಂಥ ಹಲವು ಭೌತಿಕ ಯಂತ್ರಗಳ ಕೂಟವೇ ಕ್ಲಸ್ಟರ್. ವಿಎಂವೇರ್ ಕಂಪನಿ 2006ರಲ್ಲಿ ಬಳಕೆಗೆ ತಂದ ಡಿಆರ್‌ಎಸ್ ವ್ಯವಸ್ಥೆ ಈ ಕೂಟದ ಸ್ಥಿತಿಯನ್ನು ಐದು ನಿಮಿಷಕ್ಕೊಮ್ಮೆ ಪರಿಶೀಲಿಸುತ್ತಿತ್ತು. 2020ರ ಆವೃತ್ತಿಯಿಂದ ನಿಮಿಷಕ್ಕೊಮ್ಮೆ ಪರಿಶೀಲಿಸುತ್ತದೆ. ಪ್ರೊಸೆಸರ್ ಅಥವಾ ಮೆಮೊರಿಗೆ ಒತ್ತಡ ಹೆಚ್ಚಿದ ಕಡೆಯಿಂದ ವರ್ಚುವಲ್ ಯಂತ್ರವೊಂದನ್ನು, ಅದರ ಕೆಲಸ ನಿಲ್ಲದಂತೆಯೇ, ಬಿಡುವಿರುವ ಕಡೆಗೆ ಸಾಗಿಸುತ್ತದೆ. ಸಾಗಣೆಗೂ ಶ್ರಮ ತಗಲುವುದರಿಂದ, ಲಾಭ ಅದಕ್ಕಿಂತ ಹೆಚ್ಚೆಂದು ಕಂಡರೆ ಮಾತ್ರ ಮುಂದುವರಿಯುತ್ತದೆ. ಒಂದೇ ಸೇವೆಯ ಎರಡು ಪ್ರತಿಗಳು ಒಂದೇ ಯಂತ್ರದ ಮೇಲೆ ಕೂರಬಾರದೆಂಬ ಕಟ್ಟಳೆಯನ್ನೂ ಅದಕ್ಕೆ ವಿಧಿಸಬಹುದು.

ತೊಗರಿ ಮೂಟೆ ಹೇರಿದ ಬಂಡಿಯೊಂದು ಕೆಸರಿನಲ್ಲಿ ಹೂತಾಗ ಕೆಲವು ಮೂಟೆಗಳನ್ನು ಹಿಂದಿನ ಖಾಲಿ ಬಂಡಿಗೆ ಬದಲಿಸುವ ಜಾಣತನ ಇದು. ಆದರೆ ಎಲ್ಲ ಬಂಡಿಗಳೂ ತುಂಬಿದ್ದರೆ ಮೂಟೆ ಬದಲಿಸಿ ಫಲವಿಲ್ಲ. ಸಮತೋಲನವು ಇರುವ ಸಾಮರ್ಥ್ಯವನ್ನು ಹಂಚುತ್ತದೆಯೇ ಹೊರತು ಹೊಸದನ್ನು ಸೃಷ್ಟಿಸುವುದಿಲ್ಲ. ಇನ್ನೊಂದು ಮಿತಿಯೂ ಇದೆ. ವರ್ಚುವಲ್ ಯಂತ್ರವನ್ನು ಇಡಿಯಾಗಿ ಸಾಗಿಸಬಹುದು, ಸೀಳಿ ಎರಡು ಕಡೆ ಇಡಲಾಗದು. ಎಲ್ಲ ಅರ್ಜಿಗಳೂ ಒಂದೇ ದತ್ತಸಂಚಯದ ಬಾಗಿಲಲ್ಲಿ ನಿಂತರೆ ಉಳಿದ ಯಂತ್ರಗಳ ಬಿಡುವು ನಿರರ್ಥಕ. ಹಳ್ಳಿಗೆ ಬರುವ ಇಂಟರ್ನೆಟ್ ತಂತಿ ಕಡಿದರಂತೂ ದೂರದ ಕ್ಲಸ್ಟರ್‌ಗೆ ಅದರ ಸುಳಿವೇ ಇರುವುದಿಲ್ಲ.

ಆದ್ದರಿಂದ ಹೊರೆಯನ್ನು ಯಂತ್ರಗಳ ನಡುವೆ ಹಂಚಿದರೆ ಸಾಲದು, ದಿನಗಳ ನಡುವೆಯೂ ಹಂಚಬೇಕು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಮೊದಮೊದಲು ಫಲಾನುಭವಿಗಳಿಗೆ ದಿನ, ವೇಳೆ, ಸ್ಥಳವನ್ನು ಮೊಬೈಲ್ ಸಂದೇಶದಲ್ಲಿ ತಿಳಿಸುವ ಕ್ರಮವಿತ್ತು. ಆ ದಿಕ್ಕಿನ ಚಿಂತನೆ ಮುಂದುವರಿಯಬೇಕು. ವಿಮೆಯ ಕೊನೆಯ ದಿನಾಂಕ ಮುಂಚೆಯೇ ಗೊತ್ತಿರುವುದರಿಂದ ಆ ವಾರದ ನೂಕುನುಗ್ಗಲು ಅನಿರೀಕ್ಷಿತವೇನಲ್ಲ. ಹೆಚ್ಚುವರಿ ಯಂತ್ರಗಳನ್ನು ಮೊದಲೇ ಸಜ್ಜುಗೊಳಿಸಬಹುದು. ತಾಂತ್ರಿಕ ದೋಷದಿಂದ ಕೆಲಸ ನಿಂತ ದಿನಗಳಷ್ಟು ಗಡುವನ್ನು ತಾನಾಗಿಯೇ ವಿಸ್ತರಿಸುವ ನಿಯಮವೂ ಬರಬೇಕು.

ಯಂತ್ರಕ್ಕೆ ಎಷ್ಟು ಒತ್ತಡವಿದೆ ಎಂಬುದನ್ನು ನಿಮಿಷಕ್ಕೊಮ್ಮೆ ಅಳೆಯಬಲ್ಲವರಿಗೆ, ಜಿಡಗಾದ ರೈತ ಪಹಣಿಗಾಗಿ ಎಷ್ಟು ಹೊತ್ತು ಕಾದ ಎಂಬುದನ್ನು ಅಳೆಯುವುದು ಕಷ್ಟವಾಗಲಾರದು. ವ್ಯವಸ್ಥೆ ಸಮತೋಲನದಲ್ಲಿದೆಯೇ ಎಂಬುದನ್ನು ಆ ಲೆಕ್ಕವೂ ಸೇರಿದ ಮೇಲೆಯೇ ಹೇಳಬೇಕು.